ಪುಣೆಯಿಂದ ಸ್ಕೂಬಾ ಡೈವಿಂಗ್‌ಗೆ ಹೊರಟಿದ್ದೀರಾ? ನೀರಿಗಿಳಿಯುವ ಮುನ್ನ, ಘಾಟ್ ಹತ್ತುವ ಮುನ್ನ ಇದು ಗೊತ್ತಿರಲಿ

ಪುಣೆ: ಪುಣೆಗೆ ಸಮುದ್ರವಿಲ್ಲ. ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಪೂರ್ವ ಮಗ್ಗುಲಲ್ಲಿರುವ ನಗರ ಇದು. ಆದರೂ ಇಲ್ಲಿನ ಈಜುಕೊಳಗಳಲ್ಲಿ ಸ್ಕೂಬಾ ತರಬೇತಿ ನಡೆಯುತ್ತದೆ. ಮಳೆಗಾಲ ಮುಗಿಯುತ್ತಿದ್ದಂತೆ ಶುಕ್ರವಾರ ರಾತ್ರಿ ಹಿಂಜವಡಿ, ಖರಾಡಿ ಕಡೆಯಿಂದ ಟೆಂಪೊ ಟ್ರಾವೆಲರ್‌ಗಳು ಕರಾವಳಿಗೆ ಹೊರಡುತ್ತವೆ. ಕೆಲವು ಮಾಲವಣ, ತಾರಕರ್ಲಿಗೆ, ಕೆಲವು ಗೋವಾಕ್ಕೆ, ಇನ್ನು ಕೆಲವು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರಕ್ಕೆ. ಶನಿವಾರ, ಭಾನುವಾರ ನೀರಿಗಿಳಿದು ಸೋಮವಾರ ಬೆಳಿಗ್ಗೆ ಆಫೀಸಿಗೆ ಹಾಜರ್.

ಲೆಕ್ಕ ತಪ್ಪುವುದು ಈ ಕೊನೆಯ ಹಂತದಲ್ಲೇ. ಕರಾವಳಿಯವರಿಗೆ ಡೈವಿಂಗ್ ಮುಗಿದರೆ ಮನೆ ಅಲ್ಲೇ ಪಕ್ಕದಲ್ಲಿ. ಪುಣೆಯವರು ಮಾತ್ರ ಮನೆ ಸೇರಲು ಘಾಟ್ ಹತ್ತಬೇಕು, ಇಲ್ಲವೇ ವಿಮಾನ ಏರಬೇಕು. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನವರ ಕಥೆಯೂ ಇದೇ. ಡೈವಿಂಗ್ ಮಾಡಿದ ದೇಹಕ್ಕೆ ಎತ್ತರ ಒಗ್ಗುವುದಿಲ್ಲ. ಟೂರ್ ಪ್ಯಾಕೇಜ್‌ಗಳ ಜಾಹೀರಾತಿನಲ್ಲಿ ಮೀನು, ಹವಳ, ವಿಡಿಯೊ, ಊಟ ಎಲ್ಲ ಇರುತ್ತದೆ, ಇದೊಂದು ಮಾತು ಇರುವುದಿಲ್ಲ.

ಘಾಟ್ ಹತ್ತುವುದಕ್ಕೂ ಡೈವಿಂಗ್‌ಗೂ ಏನು ಸಂಬಂಧ?

ಮೊದಲಿಗೆ ಬೆನ್ನ ಮೇಲಿನ ಸಿಲಿಂಡರ್ ವಿಷಯ. ಸುದ್ದಿಗಳಲ್ಲಿ ಇದನ್ನು 'ಆಕ್ಸಿಜನ್ ಸಿಲಿಂಡರ್' ಎಂದೇ ಬರೆಯುವುದು ರೂಢಿ. ಆದರೆ ಪ್ರವಾಸಿ ಡೈವಿಂಗ್‌ನಲ್ಲಿ ಅದರೊಳಗೆ ಇರುವುದು ಸಾಮಾನ್ಯವಾಗಿ ಆಸ್ಪತ್ರೆಯ ಆಮ್ಲಜನಕವಲ್ಲ, ನಾವು ದಿನವೂ ಉಸಿರಾಡುವ ಗಾಳಿ. ಶೋಧಿಸಿ, ತೇವ ತೆಗೆದು, ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಆ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಸಾರಜನಕ.

ನೀರಿನೊಳಗೆ ಪ್ರತಿ 10 ಮೀಟರ್ ಇಳಿದಾಗ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ದಡದಲ್ಲಿ ಒಂದು ಇದ್ದದ್ದು 10 ಮೀಟರ್ ಆಳದಲ್ಲಿ ಎರಡು, 20 ಮೀಟರ್‌ನಲ್ಲಿ ಮೂರು. ಒತ್ತಡ ಹೆಚ್ಚಿದಂತೆ ಉಸಿರಿನೊಂದಿಗೆ ಒಳಹೋದ ಸಾರಜನಕ ರಕ್ತ, ಕೊಬ್ಬು, ಕೀಲುಗಳಲ್ಲಿ ಹೆಚ್ಚು ಹೆಚ್ಚಾಗಿ ಕರಗುತ್ತದೆ. ಮೇಲೆ ಬಂದಾಗ ಅದು ನಿಧಾನವಾಗಿ ಶ್ವಾಸಕೋಶದ ಮೂಲಕ ಹೊರಹೋಗಬೇಕು.

ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಗಟ್ಟಿಯಾಗಿ ಕೂತಿರುವವರೆಗೆ ಬಾಟಲಿಯಲ್ಲಿ ಗುಳ್ಳೆ ಕಾಣಿಸುವುದಿಲ್ಲ, ಅನಿಲ ನೀರಲ್ಲಿ ಕರಗಿ ಸುಮ್ಮನಿರುತ್ತದೆ. ಗೋಲಿ ಒತ್ತಿದ ಕ್ಷಣ ಒತ್ತಡ ಇಳಿದು ಬುಸ್ಸೆಂದು ನೊರೆ ಏಳುತ್ತದೆ. ಡೈವರ್ ಬೇಗ ಮೇಲೆ ಬಂದರೆ ದೇಹದೊಳಗೂ ಹೀಗೆ ಸಾರಜನಕದ ಗುಳ್ಳೆಗಳು ಏಳಬಹುದು. ಇದಕ್ಕೆ ಡಿಕಂಪ್ರೆಶನ್ ಸಿಕ್‌ನೆಸ್ ಎಂದು ಹೆಸರು, ಡೈವರ್‌ಗಳ ಬಾಯಲ್ಲಿ 'ಬೆಂಡ್ಸ್'. ಕೀಲುನೋವು, ಚರ್ಮದಲ್ಲಿ ತುರಿಕೆ ಅಥವಾ ಕಲೆ, ಕೈಕಾಲು ಜೋಮು, ವಿಪರೀತ ಆಯಾಸ, ತಲೆಸುತ್ತು ಇದರ ಲಕ್ಷಣಗಳು. ಜೋರಾದರೆ ಕೈಕಾಲಿನ ಬಲವೇ ಹೋಗಬಹುದು.

ಅದಕ್ಕೇ ಮೇಲೆ ಬರುವಾಗ ನಿಮಿಷಕ್ಕೆ 9 ಮೀಟರ್‌ಗಿಂತ ವೇಗ ಬೇಡ ಎನ್ನುತ್ತಾರೆ. ಸುಮಾರು 5 ಮೀಟರ್ ಆಳದಲ್ಲಿ 3 ನಿಮಿಷ ತಡೆದು ನಿಲ್ಲಿಸುತ್ತಾರೆ. ಇಷ್ಟಾದರೂ ಡೈವಿಂಗ್ ಮುಗಿದ ಮೇಲೆ ಗಂಟೆಗಟ್ಟಲೆ ಹೆಚ್ಚುವರಿ ಸಾರಜನಕ ದೇಹದಲ್ಲಿ ಉಳಿದಿರುತ್ತದೆ. ಸಮುದ್ರ ಮಟ್ಟದಲ್ಲೇ ಇದ್ದರೆ ಅದು ತನ್ನಷ್ಟಕ್ಕೆ ಹೊರಹೋಗುತ್ತದೆ. ಆ ಹೊತ್ತಿನಲ್ಲಿ ಎತ್ತರಕ್ಕೆ ಹೋದರೆ ಹೊರಗಿನ ಒತ್ತಡ ಇನ್ನಷ್ಟು ಇಳಿಯುತ್ತದೆ. ಗೋಲಿಯನ್ನು ಮತ್ತೊಮ್ಮೆ ಒತ್ತಿದಂತೆ.

ವಿಮಾನದ ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು, ಅಂದರೆ ದಡದಲ್ಲಿ ಇದ್ದದ್ದಕ್ಕಿಂತ ಕಾಲು ಭಾಗ ಕಡಿಮೆ. ಡೈವರ್‌ಗಳ ಸುರಕ್ಷತೆಗಾಗಿ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಸೂಚನೆ ಹೀಗಿದೆ: ಒಂದೇ ಒಂದು ಸಾಮಾನ್ಯ ಡೈವ್ ಮಾಡಿದ್ದರೆ ವಿಮಾನ ಏರಲು ಕನಿಷ್ಠ 12 ಗಂಟೆ, ದಿನಕ್ಕೆ ಹಲವು ಅಥವಾ ಸತತ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. 24 ಗಂಟೆ ಬಿಟ್ಟರೆ ಇನ್ನೂ ನಿಶ್ಚಿಂತೆ ಎನ್ನುವ ತರಬೇತುದಾರರೇ ಹೆಚ್ಚು.

ರಸ್ತೆಯಲ್ಲಿ ಹೋಗುವವರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುತ್ತಾರೆ. ಆದರೆ ಈ ಸೂಚನೆ ಅನ್ವಯಿಸುವುದು 2,000 ಅಡಿಯಿಂದ, ಅಂದರೆ ಸುಮಾರು 610 ಮೀಟರ್‌ನಿಂದ. ಮಾಲವಣದಿಂದ ಸಾವಂತವಾಡಿ ದಾಟಿ ಆಂಬೋಲಿ ಹತ್ತಿದರೆ ಸುಮಾರು 690 ಮೀಟರ್. ಅಲ್ಲಿಂದ ಆಜ್ರಾ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ಹಾದು ಪುಣೆ ಮುಟ್ಟುವವರೆಗೆ ರಸ್ತೆ ಮತ್ತೆ ಸಮುದ್ರ ಮಟ್ಟಕ್ಕೆ ಇಳಿಯುವುದೇ ಇಲ್ಲ. ಮುರುಡೇಶ್ವರದಿಂದ ಬಂದರೂ ಅಂಕೋಲಾ, ಯಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ ಎಲ್ಲವೂ ಎತ್ತರದ ದಾರಿಯೇ. ಬೆಳಗಾವಿಯೇ 750 ಮೀಟರ್ ಆಸುಪಾಸಿನಲ್ಲಿದೆ.

ಹಾಗೆಂದು ಗಾಬರಿಯಾಗಬೇಕಿಲ್ಲ. ಆಂಬೋಲಿಯ ಎತ್ತರದಲ್ಲಿ ಒತ್ತಡ ಇಳಿಯುವುದು ನೂರಕ್ಕೆ ಎಂಟರಷ್ಟು ಮಾತ್ರ, ವಿಮಾನದಲ್ಲಿ ಇಳಿಯುವಷ್ಟಲ್ಲ. ಆರೇಳು ಮೀಟರ್ ಆಳದಲ್ಲಿ ಹದಿನೈದಿಪ್ಪತ್ತು ನಿಮಿಷ ಇದ್ದು ಬಂದವರ ದೇಹದಲ್ಲಿ ಸೇರುವ ಸಾರಜನಕವೂ ಅತ್ಯಲ್ಪ. ಎರಡು ದಿನದಲ್ಲಿ ನಾಲ್ಕು ಬಾರಿ 15–18 ಮೀಟರ್ ಇಳಿದು, ಕೊನೆಯ ಡೈವ್ ಭಾನುವಾರ ಮಧ್ಯಾಹ್ನ ಮುಗಿಸಿ ಸಂಜೆಯೇ ಘಾಟ್ ಹತ್ತುವ ಕೋರ್ಸ್ ವಿದ್ಯಾರ್ಥಿಯ ಲೆಕ್ಕ ಬೇರೆ. ಅಂಥವರು ಆ ರಾತ್ರಿ ಕರಾವಳಿಯಲ್ಲೇ ಮಲಗಿ ಮರುದಿನ ಹೊರಡುವುದೇ ಸರಿ. ಒಂದು ದಿನದ ರಜೆ ಖರ್ಚಾಗುತ್ತದೆ, ನಿಜ. ಕೊನೆಯ ಡೈವ್ ಶನಿವಾರಕ್ಕೇ ಮುಗಿಯುವಂತೆ ಯೋಜಿಸಿಕೊಂಡರೆ ಅದೂ ಉಳಿಯುತ್ತದೆ.

'ಟ್ರೈ ಡೈವ್' ಬೇರೆ, ಕೋರ್ಸ್ ಬೇರೆ

ಪ್ರವಾಸಿ ತಾಣಗಳಲ್ಲಿ ಬೋರ್ಡ್ ಹಾಕಿರುವ ಸ್ಕೂಬಾ ಬಹುಪಾಲು 'ಟ್ರೈ ಡೈವ್'. ಈಜು ಬರಬೇಕೆಂದಿಲ್ಲ. ಅರ್ಧ–ಮುಕ್ಕಾಲು ಗಂಟೆ ವಿವರಣೆ, ಆಳವಿಲ್ಲದ ನೀರಿನಲ್ಲಿ ಸ್ವಲ್ಪ ಅಭ್ಯಾಸ, ಆಮೇಲೆ ತರಬೇತುದಾರರು ಹಿಡಿದುಕೊಂಡೇ ಕೆಳಗೆ ಕರೆದೊಯ್ಯುತ್ತಾರೆ. ಆಳದ ಮಿತಿ 12 ಮೀಟರ್. ಇದರಿಂದ ಪ್ರಮಾಣಪತ್ರ ಸಿಗುವುದಿಲ್ಲ, ಸಿಗುವುದು ಒಂದು ಅನುಭವ ಮತ್ತು ವಿಡಿಯೊ.

ಪುಣೆಯ ಈಜುಕೊಳಗಳಲ್ಲಿ ಆರಂಭವಾಗುವುದು ಇನ್ನೊಂದು ಬಗೆ, ಪ್ರಮಾಣಪತ್ರದ ಕೋರ್ಸ್. ಹೆಚ್ಚು ಪ್ರಚಲಿತವಾಗಿರುವುದು ಪ್ಯಾಡಿ ಸಂಸ್ಥೆಯ 'ಓಪನ್ ವಾಟರ್ ಡೈವರ್'. ಪಾಠ ಮತ್ತು ಕೊಳದ ಅಭ್ಯಾಸ ಊರಲ್ಲೇ ಮುಗಿಸಿ, ಸಮುದ್ರದ ನಾಲ್ಕು ಡೈವ್‌ಗಳನ್ನು ಕರಾವಳಿಯಲ್ಲಿ ಮಾಡಬಹುದು. ಕನಿಷ್ಠ ವಯಸ್ಸು 10. 200 ಮೀಟರ್ ಈಜು, 10 ನಿಮಿಷ ತೇಲುವುದು ಬರಬೇಕು. ಮುಗಿಸಿದವರು 18 ಮೀಟರ್‌ವರೆಗೆ ಇಳಿಯಬಹುದು. ಮುಂದಿನ ಹಂತದಲ್ಲಿ 30 ಮೀಟರ್. ಹವ್ಯಾಸಿ ಡೈವಿಂಗ್‌ನ ಗಡಿ 40 ಮೀಟರ್.

ಎರಡಕ್ಕೂ ಒಂದೇ ಮೊದಲ ಪಾಠ: ನೀರಿನಡಿ ಉಸಿರು ಬಿಗಿ ಹಿಡಿಯಬೇಡಿ. 10 ಮೀಟರ್ ಆಳದಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಹೊರಬಿಡದಿದ್ದರೆ ಶ್ವಾಸಕೋಶಕ್ಕೇ ಏಟು. ಬೆಂಡ್ಸ್‌ಗಾದರೂ ಸ್ವಲ್ಪ ಆಳ, ಸ್ವಲ್ಪ ಹೊತ್ತು ಬೇಕು, ಇದಕ್ಕೆ ನಾಲ್ಕು ಅಡಿ ನೀರೂ ಸಾಕು. ಬೆನ್ನಿಗೆ ಸಿಲಿಂಡರ್ ಕಟ್ಟದೆ, ದೋಣಿಯಿಂದ ಇಳಿಬಿಟ್ಟ ಕೊಳವೆಯಲ್ಲಿ ಗಾಳಿ ಕೊಟ್ಟು 'ಸ್ಕೂಬಾ' ಎಂದರೆ ಅದು ಸ್ಕೂಬಾ ಅಲ್ಲ. ಉಸಿರಿನ ಈ ನಿಯಮ ಮಾತ್ರ ಅಲ್ಲಿಗೂ ಅಷ್ಟೇ ಅನ್ವಯ.

ಹತ್ತಿರದ್ದು ತಾರಕರ್ಲಿ

ಪುಣೆಯಿಂದ ಸುಮಾರು 380 ಕಿ.ಮೀ. ದೂರದ ಮಾಲವಣ, ಪಕ್ಕದ ತಾರಕರ್ಲಿ ಮಹಾರಾಷ್ಟ್ರದ ಡೈವಿಂಗ್ ಕೇಂದ್ರ. ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಿಸಲು ಆರಂಭಿಸಿದ ಸಿಂಧುದುರ್ಗ ಕೋಟೆಯ ಸುತ್ತಲಿನ ಬಂಡೆಗಳ ನಡುವೆ ಟ್ರೈ ಡೈವ್‌ಗಳು ನಡೆಯುತ್ತವೆ. ಈ ಭಾಗದ ಸುಮಾರು 29 ಚದರ ಕಿ.ಮೀ. ಪ್ರದೇಶ 1987ರಿಂದಲೇ ಮಾಲವಣ ಸಾಗರ ಅಭಯಾರಣ್ಯ. ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮ ತಾರಕರ್ಲಿಯಲ್ಲಿ ಸ್ಕೂಬಾ ತರಬೇತಿ ಸಂಸ್ಥೆಯೊಂದನ್ನೇ ನಡೆಸುತ್ತಿದೆ. 2024ರ ಜನವರಿಯಲ್ಲಿ ನೌಕಾಪಡೆಯ ಸೇವೆಯಿಂದ ನಿವೃತ್ತವಾದ 'ಐಎನ್‌ಎಸ್ ಗುಲ್ದಾರ್' ಹಡಗನ್ನು ಇದೇ ಜಿಲ್ಲೆಯ ನಿವತಿ ಬಂಡೆಗಳ ಬಳಿ ಮುಳುಗಿಸಿ ಕೃತಕ ಬಂಡೆಸಾಲು ಮತ್ತು ನೀರೊಳಗಿನ ವಸ್ತುಸಂಗ್ರಹಾಲಯ ಮಾಡುವ ಯೋಜನೆಯೂ ಇದೆ.

ತಾರಕರ್ಲಿ ಹೆಸರು ಬಂದಾಗ 2022ರ ಮೇ ತಿಂಗಳ ದುರಂತವನ್ನು ಬಿಡುವಂತಿಲ್ಲ. ಸ್ಕೂಬಾ ಮುಗಿಸಿ ದಡಕ್ಕೆ ಮರಳುತ್ತಿದ್ದ ಪ್ರವಾಸಿಗರ ದೋಣಿ ಮಗುಚಿ ಇಬ್ಬರು ಮೃತಪಟ್ಟರು. ಅವರನ್ನು ಬಲಿ ಪಡೆದದ್ದು ಡೈವ್ ಅಲ್ಲ, ದೋಣಿ. ಮೇ ಕೊನೆ ಎಂದರೆ ಮುಂಗಾರು ಬಾಗಿಲಲ್ಲಿರುವ, ಸಮುದ್ರ ಏಳಲು ಶುರುವಾಗುವ ಹೊತ್ತು. ತರಬೇತುದಾರರ ಪ್ರಮಾಣಪತ್ರ ಕೇಳುವವರೂ ದೋಣಿಯಲ್ಲಿ ಎಷ್ಟು ಜನರಿಗೆ ಅನುಮತಿ ಇದೆ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ ಎಂದು ಕೇಳುವುದು ಕಡಿಮೆ. ಜಾಕೆಟ್ ಇದ್ದರೆ ಸಾಲದು, ಡೈವ್ ಮುಗಿಸಿ ವಾಪಸ್ ಬರುವಾಗಲೂ ಮೈಮೇಲೆ ಇರಬೇಕು. ಸುಸ್ತಾಗಿ ಬಂದವರು ಮೊದಲು ತೆಗೆದಿಡುವುದೇ ಅದನ್ನು.

ಕರ್ನಾಟಕದ ನೇತ್ರಾಣಿ

ಕನ್ನಡಿಗರಿಗೆ ಸ್ಕೂಬಾ ಎಂದೊಡನೆ ನೆನಪಾಗುವುದು ನೇತ್ರಾಣಿ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಕಡಲಿನಲ್ಲಿರುವ ಗುಡ್ಡದಂಥ ಸಣ್ಣ ದ್ವೀಪ ಇದು. ಬ್ರಿಟಿಷರ ನಕಾಶೆಯಲ್ಲಿ 'ಪಿಜನ್ ಐಲ್ಯಾಂಡ್', ಪಾರಿವಾಳದ ದ್ವೀಪ. ದಡದಿಂದ ದೋಣಿಯಲ್ಲಿ ಒಂದೂವರೆ–ಎರಡು ಗಂಟೆ ದಾರಿ. ಮುರುಡೇಶ್ವರದ 123 ಅಡಿಯ ಶಿವನ ಮೂರ್ತಿ, 20 ಅಂತಸ್ತಿನ ರಾಜಗೋಪುರ ಹಿಂದೆ ಚಿಕ್ಕದಾಗುತ್ತಾ ಹೋಗಿ ಮರೆಯಾದ ಮೇಲೂ ಬಹಳ ಹೊತ್ತು ನೀರೇ ನೀರು. ಅಲೆಗೆ ಹೊಟ್ಟೆ ತೊಳಸುವವರು ಹೊರಡುವ ಮುನ್ನವೇ ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದು. ನೇತ್ರಾಣಿಗೆ ಹೋಗಿ ನೀರಿಗೇ ಇಳಿಯದೆ ದೋಣಿಯಲ್ಲೇ ಮಲಗಿ ವಾಪಸ್ ಬಂದವರ ಸಂಖ್ಯೆ ಕಡಿಮೆಯೇನಲ್ಲ.

ಇಲ್ಲಿ ಅಂಡಮಾನ್‌ನಂಥ ಹವಳದ ಉದ್ಯಾನವನ್ನು ನಿರೀಕ್ಷಿಸಬಾರದು. ದೊಡ್ಡ ದೊಡ್ಡ ಬಂಡೆಗಳು, ಅವುಗಳ ಮೇಲೆ ಅಲ್ಲಲ್ಲಿ ಗಟ್ಟಿ ಹವಳ, ಆ ಸಂದುಗೊಂದುಗಳಲ್ಲಿ ಮೀನು ಎಂಬಂತಿದೆ ಇಲ್ಲಿನ ನೀರಡಿಯ ನೋಟ. ಗಿಳಿಮೀನು, ಚಿಟ್ಟೆಮೀನು, ಟ್ರಿಗರ್ ಮೀನು, ಬ್ಯಾರಕುಡಾ ಗುಂಪು, ಬಂಡೆಯ ಬಿರುಕಿನಿಂದ ಮುಖ ಹೊರಹಾಕುವ ಮೋರೆ ಹಾವುಮೀನು, ಅದೃಷ್ಟವಿದ್ದರೆ ಕಡಲಾಮೆ. ತಿಮಿಂಗಿಲ ಶಾರ್ಕ್ ಕಂಡ ಸುದ್ದಿಯೂ ಆಗಾಗ ಬರುತ್ತದೆ. ಮುಖವಾಡದ ಗಾಜಿನ ಮೂಲಕ ನೋಡುವಾಗ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. 'ಇಷ್ಟುದ್ದದ ಮೀನು' ಎಂದು ಕೈ ಅಗಲಿಸುವವರ ಮಾತನ್ನು ಅಷ್ಟು ಕಳೆದು ಕೇಳಿದರೆ ಸರಿಹೋಗುತ್ತದೆ.

ನೀರು ತಿಳಿಯಾಗಿರುವುದು ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ಮಳೆಗಾಲದಲ್ಲಿ ಡೈವಿಂಗ್ ಬಂದ್. ಆಗ ಪ್ಯಾಕೇಜ್ ಮಾರುವವರು ಯಾರಾದರೂ ಸಿಕ್ಕರೆ ಅನುಮಾನ ಪಡುವುದೇ ಸರಿ.

ನೇತ್ರಾಣಿಯ ಮೇಲೆ ರೆಸಾರ್ಟ್ ಇಲ್ಲ, ಪ್ರವಾಸಿಗರನ್ನು ದ್ವೀಪದಲ್ಲಿ ಇಳಿಸುವುದೂ ಇಲ್ಲ. ಡೈವಿಂಗ್ ಎಲ್ಲ ದೋಣಿಯಿಂದಲೇ. ದ್ವೀಪ ಯಾರಿಗೂ ಬೇಡವಾದದ್ದು ಎಂದು ಇದರರ್ಥವಲ್ಲ. ಕರಾವಳಿಯ ಮೀನುಗಾರರು ಹರಕೆ ಹೊತ್ತು ಬರುವ ಜಾಗ ಇದು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಸಮುದಾಯದವರ ನಂಬಿಕೆಯ ತಾಣಗಳು ಇಲ್ಲಿವೆ. ಹರಕೆಗೆ ಬಿಟ್ಟ ಆಡುಗಳೂ ಇಲ್ಲಿ ಓಡಾಡಿಕೊಂಡಿವೆ. ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವುದೂ ಇಲ್ಲೇ. ಇದೇ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದೂ ಉಂಟು. ಪರಿಸರ ಕಾರ್ಯಕರ್ತರು ಮತ್ತು ಸ್ಥಳೀಯರು ಅದನ್ನು ವಿರೋಧಿಸಿದ್ದೂ ಉಂಟು. ಡೈವಿಂಗ್‌ಗೆ ಹೋದವರಿಗೆ ಹಳೆಯ ಶೆಲ್‌ಗಳ ಅವಶೇಷ ಕಣ್ಣಿಗೆ ಬಿದ್ದರೆ ಮುಟ್ಟಬಾರದು ಎಂದು ಹೇಳುವುದು ಈ ಕಾರಣಕ್ಕೇ.

ಪುಣೆಯಿಂದ ರಸ್ತೆಯಲ್ಲಿ 600 ಕಿ.ಮೀ.ಗೂ ಹೆಚ್ಚು ದೂರ. ರಾತ್ರಿಯಿಡೀ ಪ್ರಯಾಣ ಮಾಡಿ, ನಿದ್ದೆಗೆಟ್ಟು, ನೀರು ಕುಡಿಯದೆ ಬೆಳಿಗ್ಗೆ ಏಳಕ್ಕೆ ದೋಣಿ ಹತ್ತುವುದು ಡೈವಿಂಗ್‌ಗೆ ಒಳ್ಳೆಯ ಆರಂಭವಲ್ಲ. ದಣಿವು, ದೇಹದಲ್ಲಿ ನೀರಿನ ಕೊರತೆ, ಹಿಂದಿನ ರಾತ್ರಿಯ ಮದ್ಯ ಬೆಂಡ್ಸ್ ಅಪಾಯವನ್ನು ಹೆಚ್ಚಿಸುತ್ತವೆ ಎಂಬುದು ಡೈವಿಂಗ್ ಪಾಠದ ಮೊದಲ ಪುಟಗಳಲ್ಲೇ ಇರುತ್ತದೆ.

ಬುಕಿಂಗ್ ಮಾಡುವಾಗ ಒಂದು ಗೊಂದಲ ಸಾಮಾನ್ಯ. ತಾರಕರ್ಲಿ ಪಕ್ಕದಲ್ಲಿ ಒಂದು ದೇವಬಾಗ್ ಇದೆ, ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವಲ್ಲಿ ಇನ್ನೊಂದು ದೇವಬಾಗ್ ಇದೆ. ಎರಡನೆಯದರಲ್ಲಿ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ರೆಸಾರ್ಟ್ ಇದೆ. ಗಾಳಿಮರಗಳ ನಡುವೆ ಮನೆಗಳು, ದೋಣಿಯಲ್ಲಿ ದಾಟಿ ಹೋಗಬೇಕು. ಕಡಲತೀರದ ಇಕೋ ರೆಸಾರ್ಟ್ ಎಂದರೆ ಹೇಗಿರುತ್ತದೆ ಎಂದು ನೋಡಲು ಅಂಡಮಾನ್‌ವರೆಗೆ ಹೋಗಬೇಕಿಲ್ಲ. ಆದರೆ ಅಲ್ಲಿಂದ ನೇತ್ರಾಣಿ ದೂರ, ಡೈವಿಂಗ್‌ಗೆಂದೇ ಹೋಗುವವರು ಮುರುಡೇಶ್ವರದಲ್ಲಿ ತಂಗುವುದೇ ಅನುಕೂಲ.

ದೂರದ ದ್ವೀಪ, ದೂರದ ಆಸ್ಪತ್ರೆ

2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಲಕ್ಷದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡಿದ ಚಿತ್ರಗಳು ಬಂದ ಮೇಲೆ ಆ ದ್ವೀಪಗಳತ್ತ ಎಲ್ಲರ ಕಣ್ಣು. 36 ದ್ವೀಪಗಳು, ಜನವಸತಿ ಇರುವುದು 10ರಲ್ಲಿ, ಒಟ್ಟು ನೆಲ 32 ಚದರ ಕಿ.ಮೀ. ಕನ್ನಡನಾಡಿಗೂ ಇದಕ್ಕೂ ಹಳೆಯ ನಂಟಿದೆ. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು.

ಇವುಗಳ ಪೈಕಿ ಕಡಮತ್, ಮತ್ತು ಅಗತ್ತಿ ಬಳಿಯ ಬಂಗಾರಂ ಡೈವಿಂಗ್‌ಗೆ ಹೆಸರುವಾಸಿ. ಬಂಗಾರಂ ಜನವಸತಿ ಇಲ್ಲದ ದ್ವೀಪ. ದೇಶದಲ್ಲಿ ದ್ವೀಪದ ಇಕೋ ರೆಸಾರ್ಟ್ ಎಂಬ ಕಲ್ಪನೆ ಮೊದಲು ಬೇರೂರಿದ ಜಾಗಗಳಲ್ಲಿ ಇದೂ ಒಂದು. 1980ರ ದಶಕದ ಕೊನೆಯಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಕೇರಳದ ಹೋಟೆಲ್ ಸಮೂಹವೊಂದು ಅಲ್ಲಿ ಏಸಿ, ಟಿವಿ ಇಲ್ಲದ ಸರಳ ಕುಟೀರಗಳನ್ನು ನಡೆಸಿತ್ತು. ಲಕ್ಷದ್ವೀಪಕ್ಕೆ ಹೋಗಲು ಪ್ರವೇಶ ಪರವಾನಗಿ ಕಡ್ಡಾಯ. ಪುಣೆಯವರು ಕೊಚ್ಚಿಗೆ ಹೋಗಿ ಅಲ್ಲಿಂದ ವಿಮಾನದಲ್ಲಿ ಅಗತ್ತಿಗೆ ಅಥವಾ ಹಡಗಿನಲ್ಲಿ ಸಾಗಬಹುದು. ಎರಡು ವಿಮಾನ ಎಂದರೆ ಕೊನೆಯ ಡೈವ್ ಮತ್ತು ಹೊರಡುವ ದಿನದ ನಡುವೆ ಒಂದು ಪೂರ್ತಿ ದಿನ ಖಾಲಿ ಇರಲೇಬೇಕು.

ಬೆಂಡ್ಸ್‌ಗೆ ಚಿಕಿತ್ಸೆ ಎಂದರೆ ಒತ್ತಡದ ಕೋಣೆ, ಹೈಪರ್‌ಬೇರಿಕ್ ಚೇಂಬರ್. ರೋಗಿಯನ್ನು ಅದರೊಳಗೆ ಮಲಗಿಸಿ, ಆಮ್ಲಜನಕ ಕೊಟ್ಟು, ಒತ್ತಡವನ್ನು ಹಂತಹಂತವಾಗಿ ಇಳಿಸುತ್ತಾರೆ. ಇಂಥ ಸೌಲಭ್ಯ ಮುಂಬೈನ ಐಎನ್‌ಎಚ್‌ಎಸ್ ಅಶ್ವಿನಿಯಂಥ ನೌಕಾಪಡೆಯ ಆಸ್ಪತ್ರೆಗಳಲ್ಲಿ ಮತ್ತು ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ಇದೆ. ಲಕ್ಷದ್ವೀಪದಲ್ಲಿ ಗಂಭೀರ ಸ್ಥಿತಿಯ ರೋಗಿಗಳನ್ನು ಹೆಲಿಕಾಪ್ಟರ್‌ನಲ್ಲಿ ಕೊಚ್ಚಿಗೆ ಸಾಗಿಸಬೇಕಾಗುತ್ತದೆ. 'ಜನರಿಂದ ದೂರ, ಪ್ರಕೃತಿಯ ಮಡಿಲಲ್ಲಿ' ಎಂಬ ರೆಸಾರ್ಟ್ ಜಾಹೀರಾತನ್ನು ಡೈವರ್ 'ಚೇಂಬರ್‌ನಿಂದ ದೂರ' ಎಂದೂ ಓದಿಕೊಳ್ಳಬೇಕು. ಬುಕಿಂಗ್‌ಗೆ ಮೊದಲು ದೋಣಿಯಲ್ಲಿ ತುರ್ತು ಆಮ್ಲಜನಕ ಇದೆಯೇ, ಹತ್ತಿರದ ಚೇಂಬರ್ ಎಲ್ಲಿದೆ, ಅಲ್ಲಿಗೆ ಹೇಗೆ ಕರೆದೊಯ್ಯುತ್ತೀರಿ ಎಂದು ಕೇಳಿ. ಒಳ್ಳೆಯ ಡೈವಿಂಗ್ ಕೇಂದ್ರದವರು ಈ ಪ್ರಶ್ನೆಗೆ ಮುಖ ಸಿಂಡರಿಸುವುದಿಲ್ಲ, ಥಟ್ಟನೆ ಉತ್ತರ ಹೇಳುತ್ತಾರೆ. ಮಾಮೂಲಿ ಪ್ರವಾಸ ವಿಮೆ ಸ್ಕೂಬಾವನ್ನು 'ಸಾಹಸ ಕ್ರೀಡೆ' ಎಂದು ಹೊರಗಿಟ್ಟಿರಬಹುದು, ಪಾಲಿಸಿಯ ಸಣ್ಣ ಅಕ್ಷರಗಳನ್ನು ಓದಿಕೊಳ್ಳಿ.

'ಇಕೋ' ಎಂಬ ಹಣೆಪಟ್ಟಿ ನಿಜವೇ?

ಹವಳ ಕಲ್ಲಲ್ಲ, ಜೀವಿ. ದಿಂಡಾದ ಜಾತಿಯ ಹವಳ ವರ್ಷಕ್ಕೆ ಬೆಳೆಯುವುದು ಒಂದೆರಡು ಸೆಂಟಿಮೀಟರ್ ಇದ್ದರೆ ಹೆಚ್ಚು. ಹೊಸಬ ಡೈವರ್‌ನ ಒಂದು ಫಿನ್ ಏಟಿಗೆ ಮುರಿದದ್ದು ಮತ್ತೆ ಬೆಳೆಯಲು ವರ್ಷಗಳೇ ಬೇಕು. ಅದಕ್ಕಿಂತ ದೊಡ್ಡ ಪೆಟ್ಟು ಕಾದ ಸಮುದ್ರದ್ದು. ನೀರು ಬಿಸಿಯಾದಾಗ ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತವೆ. ಬಿಸಿ ಮುಂದುವರಿದರೆ ಸಾಯುತ್ತವೆ. ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ವಿಜ್ಞಾನಿಗಳು ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿಯ ಹವಳದಂಡೆಗಳನ್ನು 1998ರಿಂದ ಗಮನಿಸುತ್ತಾ ಬಂದಿದ್ದಾರೆ. ಅವರ ಲೆಕ್ಕದಂತೆ 1998ರಲ್ಲಿ ಸುಮಾರು ಶೇ 37ರಷ್ಟಿದ್ದ ಹವಳದ ಹೊದಿಕೆ 2022ರ ಹೊತ್ತಿಗೆ ಶೇ 19ರ ಆಸುಪಾಸಿಗೆ ಇಳಿದಿತ್ತು. 2024ರಲ್ಲಿ ಮತ್ತೊಂದು ಜಾಗತಿಕ ಬೆಳ್ಳಗಾಗುವಿಕೆ ಘೋಷಣೆಯಾಯಿತು. ಹತ್ತು ವರ್ಷದ ಹಿಂದಿನ ಫೋಟೊ ನೋಡಿ ಬುಕ್ ಮಾಡಿದವರಿಗೆ ಅದೇ ದೃಶ್ಯ ಸಿಗದೇ ಹೋಗಬಹುದು.

ಬಿದಿರಿನ ಗೋಡೆ, ತೆಂಗಿನ ಗರಿಯ ಸೂರು ಇದ್ದ ಮಾತ್ರಕ್ಕೆ ರೆಸಾರ್ಟ್ 'ಇಕೋ' ಆಗುವುದಿಲ್ಲ. ಹವಳದ ದ್ವೀಪಗಳಲ್ಲಿ ಸಿಹಿನೀರು ಎಂದರೆ ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ತೆಳ್ಳನೆಯ ಪದರ. ಸಿಕ್ಕಾಪಟ್ಟೆ ಎಳೆದರೆ ಉಪ್ಪು ಮೇಲೇರುತ್ತದೆ, ಶೌಚದ ನೀರು ಬಿಟ್ಟರೆ ಅದೇ ಪದರಕ್ಕೆ ಸೇರುತ್ತದೆ. ಹಾಗಾಗಿ ಸ್ನಾನದ ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಪ್ಲಾಸ್ಟಿಕ್ ಮುಖ್ಯಭೂಮಿಗೆ ವಾಪಸ್ ಹೋಗುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರದಲ್ಲೇ ಬಂಡವಾಳ ಗೊತ್ತಾಗುತ್ತದೆ.

ದೋಣಿಯಲ್ಲೂ ಅಷ್ಟೇ. ಹವಳದ ಮೇಲೆ ಲಂಗರು ಎಸೆಯುವವರು ಒಂದು ಕಡೆ, ಮೊದಲೇ ನೆಟ್ಟ ತೇಲುಬೊಂತೆಗೆ ಹಗ್ಗ ಕಟ್ಟುವವರು ಇನ್ನೊಂದು ಕಡೆ. ವಿಡಿಯೊದಲ್ಲಿ ಮೀನು ಮುತ್ತಿಕೊಳ್ಳಲೆಂದು ಬ್ರೆಡ್, ಬಿಸ್ಕತ್ತು ಚೆಲ್ಲುವವರಿದ್ದಾರೆ. ಪಾಚಿ ತಿಂದು ಹವಳ ಕಾಯಬೇಕಾದ ಮೀನಿಗೆ ಮೈದಾ ತಿನ್ನಿಸುವ ಈ ಚಾಳಿಗೆ ಪ್ರವಾಸಿಗರ ಬೇಡಿಕೆಯೇ ಕಾರಣ. ಆಕ್ಸಿಬೆನ್‌ಜೋನ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ತುಂಬು ತೋಳಿನ ಈಜು ಅಂಗಿ ಹಾಕಿಕೊಂಡರೆ ಕ್ರೀಮಿನ ಚರ್ಚೆಯೇ ಬೇಡ. ನೆನಪಿಗೆಂದು ಹವಳದ ತುಂಡು ತರುವುದಂತೂ ಸಲ್ಲ. ಹವಳ ಮತ್ತು ತಿಮಿಂಗಿಲ ಶಾರ್ಕ್ ಎರಡೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಬ್ಯಾಗಿನಲ್ಲಿ ಹವಳ ಸಿಕ್ಕರೆ ಅದು ಜೈಲು ಶಿಕ್ಷೆಯಾಗಬಹುದಾದ ಅಪರಾಧ.

ಯಾರು ಇಳಿಯಬಾರದು?

ಡೈವಿಂಗ್‌ಗೆ ಮೊದಲು ಒಂದು ಆರೋಗ್ಯ ಪ್ರಶ್ನಾವಳಿ ಕೊಡುತ್ತಾರೆ. ಎಲ್ಲಕ್ಕೂ 'ಇಲ್ಲ' ಎಂದು ಟಿಕ್ ಹಾಕಿ ಸಹಿ ಮಾಡಿಕೊಡುವವರೇ ಹೆಚ್ಚು. ಅಸ್ತಮಾ, ಹೃದ್ರೋಗ, ಮೂರ್ಛೆರೋಗ, ಕಿವಿ ಅಥವಾ ಸೈನಸ್ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯುವಂತಿಲ್ಲ. ಗರ್ಭಿಣಿಯರು ಇಳಿಯಲೇಬಾರದು. ಸಾದಾ ನೆಗಡಿಯೂ ಸಣ್ಣದಲ್ಲ. ಕೆಳಗೆ ಹೋದಂತೆ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿದೂಗಿಸಬೇಕು, ಕಟ್ಟಿದ ಮೂಗಿನಲ್ಲಿ ಅದು ಆಗುವುದಿಲ್ಲ, ಕಿವಿತಮಟೆ ಹರಿಯಬಹುದು. ಮುಂಗಡ ಕೊಟ್ಟಾಗಿದೆ ಎಂದು ಮೂಗಿಗೆ ಸ್ಪ್ರೇ ಹೊಡೆದುಕೊಂಡು ಇಳಿಯುವುದು ಬೇಡ. ಕನ್ನಡಕದವರು ಪವರ್ ಇರುವ ಮುಖವಾಡ ಸಿಗುತ್ತದೆಯೇ ಎಂದು ಮೊದಲೇ ಕೇಳಬಹುದು. ನೀರಿನೊಳಗೆ ಮನಸ್ಸು ಒಲ್ಲೆ ಎಂದರೆ ಯಾವ ಹಂತದಲ್ಲಾದರೂ ಮೇಲೆ ಬರಬಹುದು. ಹೆಬ್ಬೆರಳು ಮೇಲೆ ತೋರಿಸುವ ಸನ್ನೆಗೆ ಅಲ್ಲಿ 'ಸೂಪರ್' ಎಂದಲ್ಲ, 'ಮೇಲೆ ಹೋಗೋಣ' ಎಂದರ್ಥ. 'ಎಲ್ಲ ಸರಿ' ಎನ್ನಲು ಹೆಬ್ಬೆರಳು, ತೋರುಬೆರಳು ಕೂಡಿಸಿದ ಉಂಗುರ.

ಊರಿಗೆ ಮರಳಿದ ಮೇಲೆ

ಬೆಂಡ್ಸ್ ಲಕ್ಷಣ ಹೆಚ್ಚಾಗಿ ಮೇಲೆ ಬಂದ ಕೆಲವೇ ಗಂಟೆಗಳಲ್ಲಿ, ಬಹುತೇಕ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಅಂದರೆ ಪುಣೆಯವರಿಗೆ ಅದು ಕೊಲ್ಹಾಪುರದ ಢಾಬಾದಲ್ಲೋ ಸೋಮವಾರದ ಮೀಟಿಂಗ್‌ನಲ್ಲೋ ಶುರುವಾಗಬಹುದು. ಭುಜನೋವನ್ನು ಬಸ್ಸಿನ ಸೀಟಿನ ಮೇಲೆ, ಆಯಾಸವನ್ನು ನಿದ್ದೆಗೆಟ್ಟದ್ದರ ಮೇಲೆ ಹಾಕಿ ಸುಮ್ಮನಾಗುವುದು ಸುಲಭ. ಎಷ್ಟೋ ಸಲ ಅದು ನಿಜವೂ ಆಗಿರುತ್ತದೆ. ಆದರೆ ಜೋಮು, ಬಲಹೀನತೆ, ನಡಿಗೆಯಲ್ಲಿ ತೂರಾಟ, ಮೂತ್ರ ಕಟ್ಟುವುದು ಕಂಡರೆ ಕಾಯುವಂತಿಲ್ಲ. ಆಸ್ಪತ್ರೆಗೆ ಹೋದೊಡನೆ ಮೊದಲು ಹೇಳಬೇಕಾದ ಮಾತು 'ನಿನ್ನೆ ಸ್ಕೂಬಾ ಡೈವಿಂಗ್ ಮಾಡಿದ್ದೆ' ಎಂಬುದು. ಕಡಲಿಲ್ಲದ ಊರಿನ ವೈದ್ಯರಿಗೆ ತಾವಾಗಿ ಅದು ಹೊಳೆಯುವ ಸಾಧ್ಯತೆ ಕಡಿಮೆ. ಎಷ್ಟು ಆಳ, ಎಷ್ಟು ನಿಮಿಷ, ಎಷ್ಟು ಡೈವ್, ಕೊನೆಯದು ಎಷ್ಟು ಗಂಟೆಗೆ ಮುಗಿಯಿತು ಎಂಬುದನ್ನು ಮೊಬೈಲ್‌ನಲ್ಲಿ ಬರೆದಿಟ್ಟುಕೊಂಡಿದ್ದರೆ ಅದನ್ನೂ ತೋರಿಸಿ. ಮೊದಲ ಚಿಕಿತ್ಸೆ ಶುದ್ಧ ಆಮ್ಲಜನಕ, ಮಲಗಿದ ಸ್ಥಿತಿಯಲ್ಲಿ. ಚೇಂಬರ್ ಬೇಕೇ ಬೇಡವೇ ಎಂಬುದು ಆಮೇಲಿನ ಮಾತು, ಅದನ್ನು ವೈದ್ಯರೇ ತೀರ್ಮಾನಿಸುತ್ತಾರೆ.